ಪೈಲಟ್ 'ರೋಜರ್' ಎಂದರೆ ಒಪ್ಪಿಕೊಂಡ ಎಂದು ಅರ್ಥವೇ? ರೇಡಿಯೋ ಮಾತು ತಿಳಿದವರು ಹೇಳಿ

ಕಿಟಕಿಪಕ್ಕದವನು ಕೇಳಿದ್ದು:

ವಿಮಾನ ನಿಲ್ದಾಣದ ನಿಯಂತ್ರಣ ಗೋಪುರಕ್ಕೂ ಪೈಲಟ್‌ಗಳಿಗೂ ನಡೆಯುವ ರೇಡಿಯೋ ಮಾತುಕತೆಯ ಧ್ವನಿಮುದ್ರಣ ಕೇಳುವ ಚಟ ಇತ್ತೀಚೆಗೆ ಅಂಟಿಕೊಂಡಿದೆ. ಇಂಗ್ಲಿಷ್ ಓದಿ, ಬರೆದು ಬದುಕುವವನು ನಾನು. ಆದರೂ ಇವರ ಇಂಗ್ಲಿಷಿನಲ್ಲಿ ಹತ್ತಕ್ಕೆ ಎಂಟು ಮಾತು ತಲೆಯ ಮೇಲೆಯೇ ಹಾರಿಹೋಗುತ್ತದೆ. ಅಂತರ್ಜಾಲದಲ್ಲಿ ಪದಪಟ್ಟಿಗಳಿಗೇನೂ ಬರವಿಲ್ಲ. ಅವುಗಳಲ್ಲಿ ಅರ್ಥ ಸಿಗುತ್ತದೆ. ಆ ಪದವೇ ಏಕೆ, ಬೇರೆಯದು ಏಕಾಗದು ಎಂಬುದು ಸಿಗುವುದಿಲ್ಲ.

ನನ್ನನ್ನು ಕಾಡುತ್ತಿರುವವು ಇವು. ಪೈಲಟ್ ಒಮ್ಮೆ 'ರೋಜರ್' ಎನ್ನುತ್ತಾನೆ, ಇನ್ನೊಮ್ಮೆ 'ವಿಲ್ಕೋ' ಎನ್ನುತ್ತಾನೆ, ಹೆಚ್ಚಿನ ಸಲ ಎರಡನ್ನೂ ಬಿಟ್ಟು, ಗೋಪುರದವರು ಹೇಳಿದ್ದನ್ನೇ ಅಕ್ಷರಶಃ ಒಪ್ಪಿಸುತ್ತಾನೆ. ಯಾವಾಗ ಯಾವುದು? 'ಸ್ಕ್ವಾಕ್ ಫೋರ್ ಟೂ ಸೆವೆನ್ ಒನ್' ಎಂದರೆ ಏನು ಮಾಡಬೇಕು? ಎತ್ತರವನ್ನು ಒಂದು ಕಡೆ ಅಡಿಗಳಲ್ಲಿ, ಇನ್ನೊಂದು ಕಡೆ 'ಫ್ಲೈಟ್ ಲೆವೆಲ್' ಎಂದು ಹೇಳುವುದೇಕೆ? ಹೊರಡಲು ತಯಾರಾದ ಪೈಲಟ್ 'ರೆಡಿ ಫಾರ್ ಟೇಕಾಫ್' ಎನ್ನದೆ 'ರೆಡಿ ಫಾರ್ ಡಿಪಾರ್ಚರ್' ಎನ್ನುವುದು ಶೋಕಿಯೋ, ನಿಯಮವೋ? ಕಾಕ್‌ಪಿಟ್ ವಿಡಿಯೊಗಳಲ್ಲಿ 'ವಿ ಒನ್' ಎಂದು ಕೇಳಿದ ಕೂಡಲೇ ಕ್ಯಾಪ್ಟನ್ ಲಿವರ್ ಮೇಲಿನ ಕೈ ತೆಗೆಯುವುದೇಕೆ? ಇಳಿಯುವಾಗ ಯಂತ್ರವೇ 'ರಿಟಾರ್ಡ್, ರಿಟಾರ್ಡ್' ಎಂದು ಬೈಯುತ್ತದಲ್ಲ, ಅದು ಯಾರಿಗೆ?

ಸಿಮ್ಯುಲೇಟರ್ ಸಂಗಾತಿ:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ನನಗೆ ಆ ಬೈಗುಳ ನಿತ್ಯದ್ದು. ಅದು ಏರ್‌ಬಸ್ ವಿಮಾನಗಳ ದನಿ. ನೆಲಕ್ಕೆ ಸುಮಾರು 20 ಅಡಿ ಉಳಿದಾಗ, ಎಂಜಿನ್ನಿನ ಲಿವರುಗಳನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ ಎಂದು ನೆನಪಿಸುತ್ತದೆ. ಎಳೆಯುವವರೆಗೂ ಬಿಡುವುದಿಲ್ಲ.

ರೋಜರ್ ಎಂದರೆ ಸರಿ, ಆಯಿತು, ಹಾಗೇ ಮಾಡುತ್ತೇನೆ ಎಂದು. ವಿಲ್ಕೋ ಅಂದರೂ ಹೆಚ್ಚುಕಡಿಮೆ ಅದೇ. ಸ್ಕ್ವಾಕ್ ಎಂದರೆ ನಾಲ್ಕು ಅಂಕಿಗಳ ಸಂಕೇತವನ್ನು, ರಾಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರಿನಲ್ಲಿ ಒತ್ತುವುದು. ವಿ ಒನ್ ಎಂದರೆ, ಅಲ್ಲಿಂದ ಮುಂದೆ ಏನೇ ಆದರೂ ಹಾರಲೇಬೇಕಾದ ವೇಗ. ಉಳಿದದ್ದನ್ನು ಕೆಲಸದಲ್ಲಿ ಇರುವವರು ಹೇಳಲಿ.

ಗೋಪುರವಾಸಿ:

ವಾಯು ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು ನಾನು. ಸಿಮ್ಯುಲೇಟರ್ ಸಂಗಾತಿಯವರ ಉತ್ಸಾಹ ಮೆಚ್ಚುವಂಥದ್ದೇ. ಆದರೆ ರೋಜರ್ ಬಗ್ಗೆ ಅವರು ಬರೆದದ್ದನ್ನು ಮೊದಲು ಅಳಿಸಿಬಿಡಿ.

'ರೋಜರ್' ಎಂದರೆ 'ನೀವು ಈಗ ಹೇಳಿದ್ದು ಪೂರ್ತಿ ಕೇಳಿಸಿತು'. ಅಷ್ಟೇ. ಹೌದು ಎಂದಲ್ಲ, ಒಪ್ಪಿದೆ ಎಂದಲ್ಲ, ಮಾಡುತ್ತೇನೆ ಎಂದೂ ಅಲ್ಲ. 'ರನ್‌ವೇಯ ಕೊನೆಯಲ್ಲಿ ಹಕ್ಕಿಗಳ ಹಿಂಡು ಇದೆ' ಎಂದು ನಾನು ಹೇಳಿದರೆ ರೋಜರ್ ಸರಿಯಾದ ಉತ್ತರ. ಪೈಲಟ್ ಅಲ್ಲಿ ಮಾಡಬೇಕಾದ್ದು ಏನೂ ಇಲ್ಲ, ತಿಳಿದಿದ್ದರೆ ಸಾಕು. 'ನಿಮಗೆ ರನ್‌ವೇ ಕಾಣುತ್ತಿದೆಯೇ?' ಎಂದು ಕೇಳಿದಾಗ ರೋಜರ್ ಎನ್ನುವವರಿದ್ದಾರೆ. ಆಗ ಮೈ ಉರಿಯುತ್ತದೆ. ನನ್ನ ಪ್ರಶ್ನೆ ಅವರಿಗೆ ಕೇಳಿಸಿತು ಎಂದು ಗೊತ್ತಾಯಿತು, ರನ್‌ವೇ ಕಂಡಿತೋ ಇಲ್ಲವೋ ಗೊತ್ತಾಗಲಿಲ್ಲ. ಹೌದು ಎನ್ನಲು 'ಅಫರ್ಮ್' ಇದೆ, ಇಲ್ಲ ಎನ್ನಲು 'ನೆಗೆಟಿವ್' ಇದೆ. 'ಅಫರ್ಮೇಟಿವ್' ಎಂದು ಪೂರ್ತಿ ಹೇಳಬಾರದು. ರೇಡಿಯೋದ ಗರಗರದಲ್ಲಿ ಮೊದಲರ್ಧ ನುಂಗಿಹೋದರೆ ಎರಡು ಪದಗಳ ಬಾಲವೂ ಒಂದೇ ಥರ ಕೇಳಿಸುತ್ತದೆ, ಹೌದು ಹೋಗಿ ಇಲ್ಲವಾಗುತ್ತದೆ.

'ವಿಲ್ಕೋ' ಎಂದರೆ ಅರ್ಥವಾಯಿತು, ಹಾಗೆಯೇ ನಡೆದುಕೊಳ್ಳುತ್ತೇನೆ. ಅದು ಮಾತು ಕೊಡುವುದು. ಆದ್ದರಿಂದ 'ರೋಜರ್ ವಿಲ್ಕೋ' ಎಂದು ಎರಡನ್ನೂ ಜೋಡಿಸುವುದು ಸಿನಿಮಾದವರ ಚಾಳಿ. ವಿಲ್ಕೋ ಎಂದಮೇಲೆ ಕೇಳಿಸಿತು ಎಂದು ಬೇರೆ ಹೇಳಬೇಕಾಗಿಲ್ಲ. ಆಗದಿದ್ದರೆ 'ಅನೇಬಲ್'. ಒಂದೇ ಪದ, ಕ್ಷಮೆ ಕೇಳುವ ಅಗತ್ಯವಿಲ್ಲ, ಮುಲಾಜಿಲ್ಲ. ಹೊಸ ಪೈಲಟ್‌ಗಳು ಬಾಯಿಬಿಟ್ಟು ಹೇಳಲು ಅತಿ ಹೆಚ್ಚು ಹಿಂಜರಿಯುವ ಪದವೂ ಇದೇ.

ಇನ್ನು ನೀವು ಹೇಳಿದ 'ಒಪ್ಪಿಸುವುದು'. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಅಲ್ಲಿ. ಅದನ್ನು ರೀಡ್‌ಬ್ಯಾಕ್ ಎನ್ನುತ್ತೇವೆ. ಒಂದು ಸಣ್ಣ ಮಾತುಕತೆ ನೋಡಿ.

ಗೋಪುರ: 'ಫೋರ್ ಟೂ ಸೆವೆನ್, ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್.'
ಪೈಲಟ್: 'ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್, ಫೋರ್ ಟೂ ಸೆವೆನ್.'

ರನ್‌ವೇಯ ಮುಂದಿನ ಗೆರೆಯ ಬಳಿ ನಿಲ್ಲಿ, ಒಳಗೆ ಬರಬೇಡಿ ಎಂದು ಹೇಳಿದ್ದು. ಉತ್ತರದಲ್ಲಿ ಮೂರು ಸಂಗತಿ ಬಂದವು: ಏನು ಮಾಡುತ್ತೇನೆ, ಎಲ್ಲಿ, ನಾನು ಯಾರು (ಫೋರ್ ಟೂ ಸೆವೆನ್ ಎಂಬುದು ಆ ವಿಮಾನವನ್ನು ಕರೆಯುವ ಹೆಸರು). ಇದಕ್ಕೆ ಪೈಲಟ್ ಬರೀ 'ರೋಜರ್' ಎಂದರೆ ನಾನು ಬಿಡುವುದಿಲ್ಲ, ಹೇಳಿಸಿಯೇ ಮುಂದೆ ಹೋಗುತ್ತೇನೆ. ರನ್‌ವೇಗೆ ಸಂಬಂಧಿಸಿದ ಪ್ರತಿಯೊಂದು ಸೂಚನೆ, ಎತ್ತರ, ದಿಕ್ಕು, ವೇಗ, ಸ್ಕ್ವಾಕ್ ಅಂಕಿ, ಎತ್ತರಮಾಪಕಕ್ಕೆ ಕೊಡಬೇಕಾದ ಒತ್ತಡ, ಇವೆಲ್ಲವನ್ನೂ ಒಪ್ಪಿಸಲೇಬೇಕು. ಮತ್ತು ನಾನು ಅದನ್ನು ಕಿವಿಗೊಟ್ಟು ಕೇಳಲೇಬೇಕು. ಜನ ಮರೆಯುವುದು ಈ ಎರಡನೆಯ ಅರ್ಧವನ್ನು. ಪೈಲಟ್ ತಪ್ಪಾಗಿ ಒಪ್ಪಿಸಿ, ನಿಯಂತ್ರಕ ಸುಮ್ಮನಿದ್ದರೆ, ಆ ಮೌನವೇ ಒಪ್ಪಿಗೆಯಾಗುತ್ತದೆ.

1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದ ಹತ್ತಿರ ಆದದ್ದು ಇದೇ. ಫ್ಲೈಯಿಂಗ್ ಟೈಗರ್ ಸಂಸ್ಥೆಯ 747 ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಿರಿ ಎಂಬ ಸೂಚನೆ ಬಂತು: 'ಡಿಸೆಂಡ್ ಟೂ ಫೋರ್ ಝೀರೋ ಝೀರೋ'. ಮೊದಲ 'ಟೂ' ಎಂಬ ಅಂಕಿ ಪೈಲಟ್‌ಗಳ ಕಿವಿಗೆ '-ಗೆ ಇಳಿಯಿರಿ' ಎಂಬ ಅರ್ಥದ 'ಟು' ಆಯಿತು. ಉಳಿದದ್ದು ನಾನೂರು. 'ಓಕೆ, ಫೋರ್ ಝೀರೋ ಝೀರೋ' ಎಂದು ಒಪ್ಪಿಸಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರು ಸತ್ತರು. ಮೋಡದೊಳಗೆ ನಾನೂರು ಅಡಿಗೆ ಇಳಿಸುವ ನಿಯಂತ್ರಕ ಎಲ್ಲಾದರೂ ಇದ್ದಾನೆಯೇ ಎಂದು ಕಾಕ್‌ಪಿಟ್ಟಿನಲ್ಲಿದ್ದ ಯಾರಿಗೂ ಅನ್ನಿಸಬಾರದಿತ್ತೇ ಎಂದು ಇವತ್ತಿಗೂ ಯೋಚಿಸುತ್ತೇನೆ. ಅದಕ್ಕೇ ನಾನು 'ಡಿಸೆಂಡ್ ಆಲ್ಟಿಟ್ಯೂಡ್ ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್' ಎಂದು ಅಷ್ಟುದ್ದ ಹೇಳುತ್ತಿದ್ದದ್ದು. ಕೇಳುಗರಿಗೆ ಬೇಸರ ಬಂದರೆ ಬರಲಿ.

ಟೇಕಾಫ್ ಎಂಬ ಪದ. ಶೋಕಿ ಅಲ್ಲ ಸ್ವಾಮಿ, ನಿಯಮ. ಆ ಪದವನ್ನು ರೇಡಿಯೋದಲ್ಲಿ ಎರಡೇ ಸಂದರ್ಭದಲ್ಲಿ ಬಳಸುತ್ತೇವೆ: ಹಾರಲು ಅನುಮತಿ ಕೊಡುವಾಗ, ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವಾಗ. ಮಿಕ್ಕಂತೆ ಎಲ್ಲ ಕಡೆ 'ಡಿಪಾರ್ಚರ್'. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು 747ಗಳು. ಕೆಎಲ್‌ಎಂ ವಿಮಾನ ಹಾರಲು ತುದಿಯಲ್ಲಿ ನಿಂತಿದೆ, ಪ್ಯಾನ್ ಆ್ಯಮ್ ವಿಮಾನ ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿದೆ. ಕೆಎಲ್‌ಎಂಗೆ ಗೋಪುರ ಕೊಟ್ಟದ್ದು ಹಾರಿದ ಮೇಲೆ ಹೋಗಬೇಕಾದ ಮಾರ್ಗವನ್ನು ಮಾತ್ರ, ಹಾರುವ ಅನುಮತಿಯನ್ನಲ್ಲ. ಆದರೆ ಆ ಮಾರ್ಗದ ವಾಕ್ಯದೊಳಗೆ 'ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ' ಎಂದು ಆ ಪದ ಸೇರಿಕೊಂಡಿತ್ತು. ಸಹಪೈಲಟ್ ಅದನ್ನು ಒಪ್ಪಿಸಿ, 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥ ಬರುವ ಮಾತು ಸೇರಿಸಿದ. ಗೋಪುರದವನು ಅದನ್ನು 'ಹಾರುವ ಜಾಗದಲ್ಲಿ ನಿಂತಿದ್ದೇವೆ' ಎಂದುಕೊಂಡು 'ಓಕೆ' ಎಂದ, ಒಂದು ಕ್ಷಣ ಬಿಟ್ಟು 'ಕಾಯಿರಿ, ಕರೆಯುತ್ತೇನೆ' ಎಂದ. ಅದೇ ಗಳಿಗೆಗೆ ಪ್ಯಾನ್ ಆ್ಯಮ್‌ನವರು 'ನಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ' ಎಂದು ಮಾತಾಡಿದರು. ಒಂದೇ ತರಂಗದಲ್ಲಿ ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಕೇಳುವವನಿಗೆ ಬರುವುದು ಬರೀ ಕೀರಲು ಸದ್ದು. ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಆ 'ಓಕೆ' ಒಂದೇ. ಸತ್ತವರು 583 ಮಂದಿ. ನಮ್ಮ ಮಾತಿನಲ್ಲಿ 'ಓಕೆ'ಗೆ ಮರ್ಯಾದೆ ಇಲ್ಲದಿರುವುದು ಏಕೆಂದು ಈಗ ತಿಳಿಯಿತಲ್ಲ.

ಸ್ಕ್ವಾಕ್ ಬಗ್ಗೆ ಅವರು ಹೇಳಿದ್ದು ಸರಿಯಿದೆ. ಪ್ರತಿ ಅಂಕಿಯೂ ಸೊನ್ನೆಯಿಂದ ಏಳರವರೆಗೆ ಮಾತ್ರ. 8, 9 ಇಲ್ಲ. ಹಾಗಾಗಿ ಒಟ್ಟು 4,096 ಸಂಕೇತಗಳು. ನಿಮ್ಮ ವಿಮಾನ 4271 ಹಾಕಿಕೊಂಡರೆ ನನ್ನ ಪರದೆಯಲ್ಲಿ ಆ ಚುಕ್ಕೆಗೆ ಹೆಸರು ಬರುತ್ತದೆ. ಮೂರು ಸಂಖ್ಯೆಗಳನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ: 7500 ಅಪಹರಣ, 7600 ರೇಡಿಯೋ ಕೆಟ್ಟಿದೆ, 7700 ತುರ್ತುಸ್ಥಿತಿ.

ಫ್ಲೈಟ್ ಲೆವೆಲ್. ವಿಮಾನದ ಎತ್ತರಮಾಪಕ ಅಳೆಯುವುದು ನಿಜವಾಗಿ ಗಾಳಿಯ ಒತ್ತಡವನ್ನು. ಒತ್ತಡ ದಿನದಿಂದ ದಿನಕ್ಕೆ, ಊರಿಂದ ಊರಿಗೆ ಬದಲಾಗುತ್ತದೆ. ಒಂದು ಹೆಕ್ಟೋಪಾಸ್ಕಲ್ ತಪ್ಪಿದರೆ ನೆಲದ ಹತ್ತಿರ ಹೆಚ್ಚುಕಡಿಮೆ 27 ಅಡಿಯ ವ್ಯತ್ಯಾಸ. ಇಳಿಯುವಾಗ, ಏರುವಾಗ ಅಲ್ಲಿನ ಒತ್ತಡವನ್ನೇ ಮಾಪಕಕ್ಕೆ ಕೊಡಬೇಕು, ಏಕೆಂದರೆ ಬೆಟ್ಟ ಅಲ್ಲಾಡುವುದಿಲ್ಲ. ಆ ಅಂಕಿಗೆ ಕ್ಯೂಎನ್‌ಎಚ್ ಎನ್ನುತ್ತಾರೆ. ಮೇಲೆ ಹೋದಮೇಲೆ ಬೆಟ್ಟದ ಚಿಂತೆಯಿಲ್ಲ, ಉಳಿಯುವುದು ಬೇರೆ ವಿಮಾನಗಳ ಚಿಂತೆ. ಆಗ ಎಲ್ಲರೂ ತಮ್ಮ ಮಾಪಕವನ್ನು 1013.25 ಎಂಬ ಒಂದೇ ಅಂಕಿಗೆ ಇಟ್ಟುಕೊಂಡರೆ, ತಪ್ಪಿದರೂ ಎಲ್ಲರೂ ಒಂದೇ ಅಳತೆಯಲ್ಲಿ ತಪ್ಪುತ್ತಾರೆ, ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಆ ಲೆಕ್ಕದ ಎತ್ತರವೇ ಫ್ಲೈಟ್ ಲೆವೆಲ್. ಕೊನೆಯ ಎರಡು ಸೊನ್ನೆ ಬಿಟ್ಟು ಹೇಳುತ್ತಾರೆ. 350 ಎಂದರೆ 35,000 ಅಡಿ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಎತ್ತರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 18,000 ಅಡಿ.

ವಿ ಒನ್ ನನ್ನ ಕ್ಷೇತ್ರವಲ್ಲ. ಹಾರಿಸುವವರು ಹೇಳಲಿ.

ಎಡಸೀಟು:

ಹಾರಿಸುವವಳು ಇಲ್ಲಿದ್ದೇನೆ. ವಿ ಒನ್ ಅನ್ನು 'ನಿರ್ಧಾರ ಮಾಡುವ ವೇಗ' ಎಂದು ಬರೆದಿರುವುದನ್ನು ಎಲ್ಲೆಲ್ಲೂ ಓದುತ್ತೇನೆ. ಅದು ದಾರಿ ತಪ್ಪಿಸುವ ಮಾತು. ಅಷ್ಟು ಹೊತ್ತಿಗೆ ನಿರ್ಧಾರ ಮುಗಿದು, ನಿಲ್ಲಿಸುವುದಾದರೆ ಕೈ ಆಗಲೇ ಕೆಲಸ ಶುರು ಮಾಡಿರಬೇಕು. ವಿ ಒನ್ ದಾಟಿದ ಮೇಲೆ ಎಂಜಿನ್ ಒಂದು ಕೆಟ್ಟರೂ ಹಾರುವುದೇ ಸುರಕ್ಷಿತ, ಏಕೆಂದರೆ ನಿಲ್ಲಲು ಬೇಕಾದಷ್ಟು ರನ್‌ವೇ ಮುಂದೆ ಉಳಿದಿರುವುದಿಲ್ಲ. ಲಿವರ್ ಮೇಲಿನ ಕೈ ತೆಗೆಯುವುದು ಅದಕ್ಕೇ: ಕೈ ಅಲ್ಲೇ ಇದ್ದರೆ ಗಾಬರಿಯಲ್ಲಿ ಹಿಂದಕ್ಕೆ ಎಳೆದುಬಿಡುವ ಅಪಾಯ. ಆಮೇಲೆ 'ರೊಟೇಟ್' ಎಂದಾಗ ಮೂತಿ ಎತ್ತುತ್ತೇವೆ. ವಿ ಟೂ ಎಂದರೆ ಒಂದು ಎಂಜಿನ್ ಇಲ್ಲದೆಯೂ ಸುರಕ್ಷಿತವಾಗಿ ಏರಲು ಬೇಕಾದ ವೇಗ. ಈ ಅಂಕಿಗಳು ವಿಮಾನಕ್ಕೆ ಕಾಯಂ ಆಗಿರುವಂಥವಲ್ಲ. ಭಾರ, ತಾಪಮಾನ, ಗಾಳಿ, ರನ್‌ವೇ ಉದ್ದ, ಅದು ಒದ್ದೆಯೋ ಒಣಗಿದೆಯೋ ಎಂಬುದೆಲ್ಲ ನೋಡಿ ಪ್ರತಿ ಹಾರಾಟಕ್ಕೂ ಹೊಸದಾಗಿ ಲೆಕ್ಕ ಹಾಕುತ್ತೇವೆ.

'ಅನೇಬಲ್' ಬಗ್ಗೆ ಗೋಪುರವಾಸಿಗಳು ಹೇಳಿದ್ದು ನಿಜ. ಆದರೆ ಅದನ್ನು ಹೇಳಿದಾಗ ಕೆಲವು ನಿಯಂತ್ರಕರ ದನಿ ಬಿಗಿಯುತ್ತದೆ ಎಂಬುದೂ ನಿಜ. ಹಿಂಜರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಕಿಟಕಿಪಕ್ಕದವನು:

ಇಷ್ಟು ದೊರೆಯುತ್ತದೆ ಎಂದುಕೊಂಡಿರಲಿಲ್ಲ. ಆಸೆ ಹೆಚ್ಚಾಗಿ ಇನ್ನೆರಡು ಕೇಳುತ್ತೇನೆ. 'ಮೇಡೇ' ಎನ್ನುವುದಕ್ಕೂ 'ಪ್ಯಾನ್ ಪ್ಯಾನ್' ಎನ್ನುವುದಕ್ಕೂ ಗೆರೆ ಎಲ್ಲಿ? ಇನ್ನೊಂದು ಕಾಕ್‌ಪಿಟ್ಟಿನದ್ದಲ್ಲ: ಬಾಗಿಲು ಮುಚ್ಚಿದ ಮೇಲೆ ಗಗನಸಖಿಯರಿಗೆ 'ಆರ್ಮ್ ಡೋರ್ಸ್ ಆ್ಯಂಡ್ ಕ್ರಾಸ್‌ಚೆಕ್' ಎನ್ನುತ್ತಾರಲ್ಲ, ಅದೇನು?

ಗ್ಯಾಲಿಯವಳು:

ಬಾಗಿಲಿನದ್ದು ನನ್ನ ಕೆಲಸ. ಪ್ರತಿ ಬಾಗಿಲಿನ ಕೆಳಗೆ ಮಡಚಿದ ಜಾರುಬಂಡೆ ಇರುತ್ತದೆ. 'ಆರ್ಮ್' ಮಾಡಿದರೆ ಅದರ ಒಂದು ಅಂಚು ವಿಮಾನದ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನಿಂದ ಬಾಗಿಲು ತೆರೆದರೆ ಜಾರುಬಂಡೆ ತಾನಾಗಿ ಹೊರಗೆ ಉಬ್ಬಿ ನಿಲ್ಲುತ್ತದೆ. ಕ್ರಾಸ್‌ಚೆಕ್ ಎಂದರೆ ನಾನು ನನ್ನ ಎದುರಿನ ಬಾಗಿಲನ್ನು, ಆ ಬದಿಯವರು ನನ್ನ ಬಾಗಿಲನ್ನು ಕಣ್ಣಾರೆ ನೋಡುವುದು. ನಿಲ್ದಾಣ ತಲುಪಿದ ಮೇಲೆ 'ಡಿಸ್‌ಆರ್ಮ್' ಮರೆತು ಬಾಗಿಲು ತೆರೆದರೆ ಹೊರಗೆ ನಿಂತವರ ಪ್ರಾಣಕ್ಕೆ ಸಂಚಕಾರ, ಹೊರಡಬೇಕಾದ ವಿಮಾನ ಅಲ್ಲೇ ಠಿಕಾಣಿ.

ಇನ್ನೊಂದು ಕೇಳದೆಯೇ ಹೇಳುತ್ತೇನೆ. ಹಾರಿದ ಸ್ವಲ್ಪ ಹೊತ್ತಿಗೆ ಒಂದು ಗಂಟೆಯ ಸದ್ದು ಕೇಳಿಸುತ್ತದೆ. ಅನೇಕ ಸಂಸ್ಥೆಗಳಲ್ಲಿ ಅದು 10,000 ಅಡಿ ದಾಟಿದ್ದರ ಸೂಚನೆ. ಅದಕ್ಕಿಂತ ಕೆಳಗೆ ಕಾಕ್‌ಪಿಟ್ಟಿನಲ್ಲಿ ಹಾರಾಟಕ್ಕೆ ಸಂಬಂಧಿಸದ ಒಂದು ಮಾತೂ ಆಡುವಂತಿಲ್ಲ, ನಾವೂ ಚಹಾ ಬೇಕೇ ಎಂದು ಕರೆಯುವಂತಿಲ್ಲ. 'ಸ್ಟೆರೈಲ್ ಕಾಕ್‌ಪಿಟ್' ಎಂದು ಅದರ ಹೆಸರು. ಅಮೆರಿಕ 1981ರಲ್ಲಿ ಇದನ್ನು ಕಾನೂನು ಮಾಡಿತು. 1974ರಲ್ಲಿ ಶಾರ್ಲಟ್ ನಗರದ ಬಳಿ ಬಿದ್ದ ಈಸ್ಟರ್ನ್ ಸಂಸ್ಥೆಯ ವಿಮಾನದ ಪೈಲಟ್‌ಗಳು ಇಳಿಯುವ ಹೊತ್ತಿನಲ್ಲಿ ರಾಜಕೀಯ, ಹಳೆಯ ಕಾರು ಎಂದು ಹರಟುತ್ತಿದ್ದರು.

ಗೋಪುರವಾಸಿ:

ಮೇಡೇ ಎಂದರೆ ಜೀವಕ್ಕೇ ಅಪಾಯ, ತಕ್ಷಣ ನೆರವು ಬೇಕು. ಪ್ಯಾನ್ ಪ್ಯಾನ್ ಎಂದರೆ ತೊಂದರೆಯಿದೆ, ಗಂಭೀರವಾಗಿದೆ, ಆದರೆ ಈ ಕ್ಷಣಕ್ಕೆ ನೆರವು ಬೇಡ: ಪ್ರಯಾಣಿಕನೊಬ್ಬನಿಗೆ ಎದೆನೋವು ಬಂದಂತೆ. ಎರಡನ್ನೂ ಮೂರು ಸಲ ಹೇಳಬೇಕು, ಬೇರೆ ಮಾತಿನ ನಡುವೆ ಕಳೆದುಹೋಗದಿರಲೆಂದು. ಮೇಡೇ ಕೇಳಿದೊಡನೆ ಆ ತರಂಗದಲ್ಲಿ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಪೈಲಟ್ ಉಸಿರು ತಿರುಗಿಸಿಕೊಂಡ ಮೇಲೆ ನಾನು ಕೇಳುವುದು: ತೊಂದರೆ ಏನು, ಏನು ಮಾಡಬೇಕೆಂದಿದ್ದೀರಿ, ಇಂಧನ ಎಷ್ಟು ಹೊತ್ತಿಗೆ ಸಾಕು, ಎಷ್ಟು ಜನ ಇದ್ದೀರಿ. ಕೊನೆಯದನ್ನು 'ಸೋಲ್ಸ್ ಆನ್ ಬೋರ್ಡ್' ಎಂದು ಕೇಳುತ್ತೇವೆ. ಪ್ರಯಾಣಿಕರು, ಸಿಬ್ಬಂದಿ, ಮಡಿಲ ಕೂಸು, ಎಲ್ಲರೂ ಆ ಲೆಕ್ಕದಲ್ಲಿ ಬರುತ್ತಾರೆ. ಅಗ್ನಿಶಾಮಕದವರು ಎಷ್ಟು ಮಂದಿಯನ್ನು ಹುಡುಕಬೇಕೆಂದು ತಿಳಿಯುವುದು ಅದರಿಂದ.

ಗೆರೆ ಎಲ್ಲಿದೆ ಎಂದು ಕೇಳಿದಿರಿ. ಗೆರೆಯನ್ನು ಎಳೆಯಬೇಕಾದವನು ಪೈಲಟ್, ಮತ್ತು ಬಾಯಿಬಿಟ್ಟೇ ಎಳೆಯಬೇಕು. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕ ಸಂಸ್ಥೆಯ 707 ವಿಮಾನ ನ್ಯೂಯಾರ್ಕಿಗೆ ಬರುವಾಗ, ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಮೀರಿ ಆಕಾಶದಲ್ಲೇ ಸುತ್ತಬೇಕಾಯಿತು. 'ಆದ್ಯತೆ ಬೇಕು' ಎಂದು ಪೈಲಟ್‌ಗಳು ಹೇಳಿದರು, 'ಇಂಧನ ಮುಗಿಯುತ್ತಿದೆ' ಎಂದೂ ಹೇಳಿದರು. ತುರ್ತುಸ್ಥಿತಿ ಎಂದು ಒಮ್ಮೆಯೂ ಘೋಷಿಸಲಿಲ್ಲ. ದಿನವಿಡೀ ಹತ್ತಾರು ವಿಮಾನಗಳಿಂದ ಇಂಧನದ ಗೊಣಗಾಟ ಕೇಳುವ ನಿಯಂತ್ರಕರಿಗೆ ಅದು ಇನ್ನೊಂದು ಗೊಣಗಾಟವಾಯಿತು. ನಾಲ್ಕೂ ಎಂಜಿನ್ ಆರಿ ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು. 158 ಮಂದಿಯಲ್ಲಿ 73 ಮಂದಿ ಸತ್ತರು. ಈಗ ಇದಕ್ಕೆ ಮಾತುಗಳು ಖಚಿತವಾಗಿವೆ. 'ಮಿನಿಮಮ್ ಫ್ಯುಯೆಲ್' ಎಂದರೆ ಇನ್ನು ಮುಂದೆ ತಡವಾಗಬಾರದು ಎಂಬ ಎಚ್ಚರಿಕೆ. ಸಾಲು ತಪ್ಪಿಸಿ ಮುಂದೆ ಬಿಡುವುದಿಲ್ಲ. 'ಮೇಡೇ ಫ್ಯುಯೆಲ್' ಎಂದರೆ ಎಲ್ಲರನ್ನೂ ಬದಿಗೆ ಸರಿಸುತ್ತೇವೆ.

ಎಡಸೀಟಿನವರ ಚುಚ್ಚುಮಾತು ಮುಟ್ಟಿತು. ನಿಯಂತ್ರಕನ ಮಾತನ್ನು ಪೈಲಟ್ ಮೀರಲೇಬೇಕಾದ ಒಂದು ಸಂದರ್ಭವನ್ನು ನಾನೇ ಹೇಳುತ್ತೇನೆ, ಲೆಕ್ಕ ಸಮವಾಗಲಿ. 'ಟಿಕ್ಯಾಸ್ ಆರ್‌ಎ' ಎಂದು ಕೇಳಿಸಿದರೆ, ಎರಡು ವಿಮಾನ ತೀರಾ ಹತ್ತಿರ ಬಂದು, ಕಾಕ್‌ಪಿಟ್ಟಿನ ಯಂತ್ರ ಒಬ್ಬರಿಗೆ ಏರು, ಇನ್ನೊಬ್ಬರಿಗೆ ಇಳಿ ಎಂದಿದೆ ಎಂದರ್ಥ. ಆಗ ಅದು ಹೇಳಿದಂತೆ ಮಾಡಬೇಕು, ನಾನು ಏನೇ ಹೇಳಿದ್ದರೂ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಯಂತ್ರ ಏರು ಎಂದಿತು, ನಿಯಂತ್ರಕ ಇಳಿಯಿರಿ ಎಂದ. ರಷ್ಯಾದ ವಿಮಾನ ನಿಯಂತ್ರಕನ ಮಾತು ಕೇಳಿತು, ಎದುರಿನ ಸರಕು ವಿಮಾನ, ಇಳಿ ಎಂದ ತನ್ನ ಯಂತ್ರದ ಮಾತು ಕೇಳಿ, ಅದೂ ಇಳಿಯಿತು. 71 ಜನ ಸತ್ತರು. ಈಗ ಆ ಪದ ಕಿವಿಗೆ ಬಿದ್ದರೆ ನಿಯಂತ್ರಕನ ಉತ್ತರ 'ರೋಜರ್' ಮಾತ್ರ. ಅಲ್ಲಿ ಅದು ಸರಿಯಾದ ಜಾಗದಲ್ಲಿದೆ.

ಸಿಮ್ಯುಲೇಟರ್ ಸಂಗಾತಿ:

ಒಪ್ಪಿದೆ, ಅಂದರೆ ಅಫರ್ಮ್. ಒಂದು ಅನುಮಾನ: ಕೇಳಿಸದಿದ್ದಾಗ 'ರಿಪೀಟ್' ಎನ್ನದೆ 'ಸೇ ಅಗೇನ್' ಎನ್ನುವುದೇಕೆ?

ಗೋಪುರವಾಸಿ:

ಫಿರಂಗಿ ದಳದವರ ರೇಡಿಯೋದಲ್ಲಿ 'ರಿಪೀಟ್' ಎಂದರೆ ಅದೇ ಗುರಿಗೆ ಮತ್ತೆ ಹೊಡೆಯಿರಿ ಎಂದು. ನಮಗೆ ಗುಂಡಿನ ಚಿಂತೆ ಇಲ್ಲ, ಆದರೂ ಒಂದೇ ಪದಕ್ಕೆ ಎರಡು ಮನೆ ಬೇಡ.

ಕಿಟಕಿಪಕ್ಕದವರೇ, ಕಿವಿ ಪಳಗಬೇಕಾದರೆ ಗೋಪುರದ ತರಂಗದಿಂದ ಶುರು ಮಾಡಬೇಡಿ, ಅಲ್ಲಿ ಗಡಿಬಿಡಿ ಜಾಸ್ತಿ. 'ಏಟಿಸ್' ಹುಡುಕಿ. ನಿಲ್ದಾಣದ ಹವೆ, ಬಳಕೆಯಲ್ಲಿರುವ ರನ್‌ವೇ, ಒತ್ತಡದ ಅಂಕಿ, ಇವನ್ನು ನಿಧಾನವಾಗಿ ಓದಿ ಮತ್ತೆ ಮತ್ತೆ ಪ್ರಸಾರ ಮಾಡುವ ಧ್ವನಿಮುದ್ರಣ ಅದು. ಪ್ರತಿ ಹೊಸ ಆವೃತ್ತಿಗೂ ಒಂದು ಅಕ್ಷರ: ಆಲ್ಫಾ, ಬ್ರಾವೊ, ಚಾರ್ಲಿ. ಪೈಲಟ್ ಮೊದಲ ಕರೆಯಲ್ಲಿ 'ಇನ್ಫರ್ಮೇಶನ್ ಚಾರ್ಲಿ' ಎಂದರೆ ಅಷ್ಟನ್ನೂ ಕೇಳಿದ್ದೇನೆ ಎಂದು ಹೇಳಿದಂತೆ. ಗಾಳಿಯ ದಿಕ್ಕನ್ನು 'ಟೂ ಸಿಕ್ಸ್ ಝೀರೋ' ಎಂದರೆ ಅದು ಬೀಸಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ರನ್‌ವೇ 27 ಎಂದರೆ ಆ ತುದಿಯಿಂದ ಓಡುವಾಗ ದಿಕ್ಸೂಚಿ ಸುಮಾರು 270 ಡಿಗ್ರಿ ತೋರಿಸುತ್ತದೆ. ಅದೇ ರನ್‌ವೇಯನ್ನು ಇನ್ನೊಂದು ತುದಿಯಿಂದ ಬಳಸಿದರೆ ಅದರ ಹೆಸರು 09. ಗಾಳಿ 260, ರನ್‌ವೇ 27 ಎಂದು ಕೇಳಿಸಿದರೆ ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತಿವೆ ಎಂದು ಕುಳಿತಲ್ಲೇ ಲೆಕ್ಕ ಹಾಕಬಹುದು. ಅಷ್ಟು ಕೈಗೆ ಬಂದ ಮೇಲೆ ಗೋಪುರಕ್ಕೆ ಬನ್ನಿ.